ಗೌಜಲಹಕ್ಕಿಗೆ ಸುಳ್ಳು ಹೇಳಬಹುದೇ?

ಪ್ರಾಣಿಗೆ ಸುಳ್ಳು ಹೇಳಿದರೆ ಅದು ಸುಳ್ಳು ಅನ್ನಿಸಿಕೊಳ್ಳುತ್ತದೆಯೇ? ಖಾಲಿ ಮುಷ್ಟಿಯಲ್ಲಿ ಬಿಸ್ಕತ್ತು ಇರುವ ಹಾಗೆ ತೋರಿಸಿ ನಾಯಿಯನ್ನು ಕರೆಯುತ್ತೇವೆ. ಕರು ಸತ್ತು ಹಾಲು ಇಳಿಸದ ಎಮ್ಮೆಯ ಮುಂದೆ ಹುಲ್ಲು ತುಂಬಿದ ಕರುವಿನ ಚರ್ಮ ನಿಲ್ಲಿಸುತ್ತೇವೆ. ಇದನ್ನೆಲ್ಲ ಯಾರೂ ಸುಳ್ಳಿನ ಲೆಕ್ಕಕ್ಕೆ ಹಿಡಿಯೋದಿಲ್ಲ. ನಮ್ಮ ಟೀಮಿನ ಅಮೆರಿಕನ್ ಸಹೋದ್ಯೋಗಿಯೊಬ್ಬ ಟರ್ಕಿ ಕೋಳಿ ಕರೆಯೋದನ್ನು ಕಲಿಯಲು ಶುರುಮಾಡುವವರೆಗೆ ನನಗೂ ಇದೊಂದು ಪ್ರಶ್ನೆ ಅಂತ ಅನ್ನಿಸಿರಲಿಲ್ಲ.

ಅವನು ಪೆನ್ಸಿಲ್ವೇನಿಯಾದವನು, ಬೇಟೆಗೆ ಹೊಸಬ. ಬೆಳಗಿನ ಮೀಟಿಂಗಿಗೆ ಎಲ್ಲರೂ ಸೇರುವ ಮೊದಲು ಸಿಗುವ ಐದು ನಿಮಿಷದಲ್ಲಿ ತನ್ನ ಸಾಮಾನು ತೋರಿಸೋನು. ಒಂದು ಉದ್ದನೆಯ ಮರದ ಡಬ್ಬಿ. ಅದರ ಮುಚ್ಚಳವನ್ನು ಅಂಚಿಗೆ ಉಜ್ಜಿದರೆ ಹೇಟೆಯ ದನಿ ಬರುತ್ತದೆ. ಇನ್ನೊಂದು, ಅಂಗುಳಕ್ಕೆ ಒತ್ತಿಕೊಂಡು ಊದುವ ತೆಳು ರಬ್ಬರಿನ ಪೊರೆ. ಅದನ್ನು ಬಾಯಲ್ಲಿಟ್ಟುಕೊಂಡು ಅವನು ಕೂಗಿದರೆ ಚೆನ್ನೈನ ಟೆಸ್ಟಿಂಗ್ ಲೀಡ್ ಮ್ಯೂಟ್ ಮಾಡಿಕೊಂಡು ನಗೋಳು.

ಆದರೆ ಅವನು ಹೇಳಿದ ವಿಷಯ ತಮಾಷೆಯದಲ್ಲ. ವಸಂತದಲ್ಲಿ ಟರ್ಕಿ ಹುಂಜ ನಸುಕಿಗೇ ಮರದ ಮೇಲಿಂದ ಕೂಗುತ್ತದೆ. ಅವುಗಳ ರೀತಿಯಲ್ಲಿ ಆ ಕೂಗು ಕೇಳಿ ಹೇಟೆಯೇ ಹುಂಜದ ಹತ್ತಿರ ಹೋಗಬೇಕು. ಬೇಟೆಗಾರ ಇದನ್ನು ತಿರುವುಮುರುವು ಮಾಡುತ್ತಾನೆ. ದಪ್ಪ ಮರಕ್ಕೆ ಬೆನ್ನು ಕೊಟ್ಟು ಅಲುಗಾಡದೆ ಕೂತು, ಹೇಟೆಯ ದನಿ ತೆಗೆದು, ನಾನು ಬರೋದಿಲ್ಲ, ನೀನೇ ಬಾ ಅನ್ನುತ್ತಾನೆ. ಕಾದು ಕಾದು ಹುಂಜ ಮರದಿಂದಿಳಿದು ಬರುತ್ತದೆ. ಹೊಸಬರು ಕೆಡುವುದು ಒಂದೇ ಕಡೆಯಂತೆ, ಅತಿಯಾಗಿ ಕರೆಯೋದು. ಇನ್ನೊಂದು ಪಾಠ ಕೇಳಿ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ಟರ್ಕಿಯ ದನಿ ಕೇಳಿದರೆ ಅದನ್ನು ಹಿಂಬಾಲಿಸಿ ಹೋಗಬೇಡಿ, ಹುಂಜದ ತಲೆಯ ಬಣ್ಣಗಳಾದ ಕೆಂಪು, ಬಿಳಿ, ನೀಲಿ ಬಟ್ಟೆ ತೊಡಬೇಡಿ ಅಂತ ಅಲ್ಲಿ ಮೊದಲ ದಿನವೇ ಹೇಳಿಕೊಡುತ್ತಾರೆ. ಯಾಕೆಂದರೆ ಆ ದನಿ ತೆಗೆಯುತ್ತಿರುವುದು ಇನ್ನೊಬ್ಬ ಬೇಟೆಗಾರನೇ ಆಗಿರಬಹುದು. ಹಕ್ಕಿಗೆ ಹೇಳಿದ ಸುಳ್ಳನ್ನು ಮನುಷ್ಯ ನಂಬಿ, ಮನುಷ್ಯನ ಮೇಲೇ ಗುಂಡು ಹಾರಿದ್ದುಂಟು.

ಅವನ ಪರವಾಗಿಯೂ ಒಂದು ಮಾತು ಹೇಳಬೇಕು. 20ನೇ ಶತಮಾನದ ಆರಂಭದ ಹೊತ್ತಿಗೆ ಅಮೆರಿಕದ ಬಹಳಷ್ಟು ಕಡೆ ಕಾಡು ಟರ್ಕಿ ಮುಗಿದೇ ಹೋಗಿತ್ತು. 1937ರಲ್ಲಿ ಬಂದ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಬಂದೂಕು, ಮದ್ದುಗುಂಡುಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳ ಕೆಲಸಕ್ಕೆ ಎತ್ತಿಟ್ಟಿತು. ಇದ್ದ ಕಡೆಯಿಂದ ಹಕ್ಕಿಗಳನ್ನು ಹಿಡಿದು ಇಲ್ಲದ ಕಡೆ ಬಿಟ್ಟರು. ಇವತ್ತು ಅಲ್ಲಿ ಅವು ದಶಲಕ್ಷಗಳ ಲೆಕ್ಕದಲ್ಲಿವೆ. ಕೊಲ್ಲುವವರ ದುಡ್ಡು ಹಕ್ಕಿಯನ್ನು ಉಳಿಸಿತು. ಹಾಗಾಗಿ 'ಛೇ, ಪಾಪ' ಅಂತ ಒಂದು ಇಮೋಜಿ ಹಾಕಿ ಮುಗಿಸುವ ವಿಷಯ ಇದಲ್ಲ.

ನಮ್ಮಲ್ಲಿ ಕಾಡು ಟರ್ಕಿ ಇಲ್ಲ. ಆದರೆ ಕರೆದರೆ ಬರುವ ಹಕ್ಕಿ ಇದೆ.

ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿ ಬೆಳಗಿನ ಜಾವ ವಾಡಿಯಲ್ಲಿ ಇಳಿದು, ಅಲ್ಲಿಂದ ಸೇಡಂ ಕಡೆಯ ಗಾಡಿ ಹಿಡಿದವರಿಗೆ ಇದು ಗೊತ್ತಿರುತ್ತದೆ, ಅಂದರೆ ಅವರು ಇಯರ್‌ಫೋನ್ ತೆಗೆದಿದ್ದರೆ. ಚಿತ್ತಾಪುರದ ಹತ್ತಿರ ಗಾಡಿ ನಿಲ್ಲುತ್ತದೆ. ಎರಡೂ ಬದಿಗೆ ತೊಗರಿ, ನಡುವೆ ಜಾಲಿ ಬೆಳೆದ ಬದು. ಅಲ್ಲಿಂದ 'ಕತೀತರ್, ಕತೀತರ್' ಅಂತ ಒಂದು ಗಟ್ಟಿ ದನಿ ಏಳುತ್ತದೆ. ಒಂದು ನಿಮಿಷದೊಳಗೆ ಹಳಿಯ ಆಚೆಯಿಂದ ಉತ್ತರ. ಆಮೇಲೆ ದೂರದಲ್ಲಿ ಮೂರನೆಯದು. ಇದು ಬೂದು ಗೌಜಲಹಕ್ಕಿ. ಉರ್ದು ಮಾತಾಡುವ ಮನೆಗಳಲ್ಲಿ ಇದರ ದನಿಯನ್ನೇ ಹೆಸರು ಮಾಡಿ ತೀತರ್ ಅಂತಾರೆ. ಕೋಳಿಮರಿಗಿಂತ ದೊಡ್ಡದು, ಕೋಳಿಗಿಂತ ಚಿಕ್ಕದು. ಮೈಮೇಲೆ ಸಣ್ಣ ಸಣ್ಣ ಅಡ್ಡಗೆರೆ. ಗಂಡಿನ ಕಾಲಲ್ಲಿ ಹುಂಜಕ್ಕಿರುವಂಥ ಮುಳ್ಳು. ಇಷ್ಟು ಬದು ನನ್ನದು ಅಂತ ಜೋಡಿ ಹಕ್ಕಿಗಳು ಗಡಿ ಹಾಕಿಕೊಂಡಿರುತ್ತವೆ. ಗಡಿಯೊಳಗೆ ಹೊಸ ಗಂಡಿನ ದನಿ ಕೇಳಿದರೆ ಒಡೆಯ ಓಡಿಬರುತ್ತಾನೆ. ಹಾರಿ ಅಲ್ಲ, ಓಡಿ.

ಈ ಓಟವೇ ಅದರ ಸಾವು. ಹಿಂದೆಲ್ಲ ಬೇಟೆಯವರು ಸಾಕಿದ ಗಂಡನ್ನು ಪಂಜರದಲ್ಲಿಟ್ಟು ನಸುಕಿಗೆ ಹೊಲದಲ್ಲಿ ಇಡೋರು. ಸುತ್ತ ಕುದುರೆಕೂದಲ ಉರುಳು. ಪಂಜರದ ಹಕ್ಕಿ ಕೂಗಿದರೆ ಹೊಲದ ಹಕ್ಕಿ ಜಗಳಕ್ಕೆ ಬಂದು ಕಾಲು ಸಿಕ್ಕಿಸಿಕೊಳ್ಳುತ್ತಿತ್ತು. ಹಳಗನ್ನಡದಲ್ಲಿ ಹೀಗೆ ಮರುಳು ಮಾಡಲು ಸಾಕಿದ ಪ್ರಾಣಿಗೆ 'ದೀವ' ಅಂತ ಒಂದು ಚಂದದ ಪದವೇ ಇತ್ತು. ಪಂಜರದ ಹಕ್ಕಿ ಇಲ್ಲದವರು ಬಾಯಿಂದಲೇ ಕರೆಯೋರು.

ಹಾಗೆ ಕರೆಯಬಲ್ಲ ಒಬ್ಬ ಮುತ್ಯಾ ನಮ್ಮ ಹೊಲ ಕಾಯುತ್ತಾರೆ. ಹರಣಶಿಕಾರಿ ಮನೆತನ. ಬೇಟೆ ಬಿಟ್ಟು ನಲವತ್ತು ವರ್ಷದ ಮೇಲಾಯಿತು. ನಡುವಿನ ವರ್ಷಗಳೆಲ್ಲ ಶಹಾಬಾದಿನ ಕಲ್ಲಿನ ಖಣಿಯಲ್ಲಿ ಫರಸಿ ಎತ್ತುತ್ತ ಹೋದವು. ಈಗ ತೊಗರಿ ಕಾಯಿಕಟ್ಟುವ ಹೊತ್ತಿಗೆ ಹಂದಿ ಓಡಿಸಲು ಕಾಗಿಣಾ ದಂಡೆಯ ನಮ್ಮ ಹೊಲದಲ್ಲಿ ಮಂಚಿಗೆ ಹಾಕಿಕೊಂಡು ಕೂತಿರುತ್ತಾರೆ. ಹಕ್ಕಿ ನೋಡುವ ನನ್ನ ಹುಚ್ಚು ಕಂಡು ಅವರಿಗೆ ಮೊದಮೊದಲು ನಗು. ಆಮೇಲೆ ಕಲಿಸಲು ಒಪ್ಪಿದರು.

"ಯವ್ವಾ, ಕರ್ಯಾದು ಕಲಿಯಾಕಿಂತ ಮೊದ್ಲ ಸುಮ್ನ ಕುಂದ್ರದು ಕಲಿ. ನಿಂಗ ಅದೇ ಬರಲ್ಲ."

ನಿಜ. ಅರ್ಧ ಗಂಟೆ ಫೋನ್ ಮುಟ್ಟದೆ ಕೂರುವುದಕ್ಕೇ ನನಗೆ ಎರಡು ರಜೆ ಬೇಕಾದವು. ಆಮೇಲೆ ನಾಲಿಗೆ, ಅಂಗುಳ, ಬಾಯಿಗೆ ಅಡ್ಡ ಹಿಡಿವ ಬೊಗಸೆ. ಮೊದಲು ಗಂಟಲಲ್ಲೇ ಸಣ್ಣಗೆ ಎರಡು ಸಲ ಸದ್ದು, ನಂತರ ಏರುವ ಕೂಗು. ನಾನು ಶಕ್ತಿಯೆಲ್ಲ ಹಾಕಿ ಕೂಗಿದೆ. ಅವರು ತಲೆ ಅಲ್ಲಾಡಿಸಿದರು.

"ದನಿ ದೊಡ್ದು ಮಾಡಬ್ಯಾಡ. ನೀ ಹೊಲದ ಮಾಲಕ ಅಲ್ಲ, ಹೊಸದಾಗಿ ಬಂದಾವ. ಅಂಜಿಕೋತ ಕೂಗು. ಅಂದ್ರ ಅದಕ್ಕ ಸಿಟ್ಟು ಬರ್ತದ."

ಈ ಮಾತಿನಲ್ಲಿ ಎಷ್ಟು ಇದೆ ನೋಡಿ. ದನಿ ಹೋಲಿದರೆ ಸಾಲದು. ಯಾರ ದನಿ, ಯಾವ ಸ್ಥಿತಿಯಲ್ಲಿರುವ ಯಾವ ಹಕ್ಕಿಯ ದನಿ, ಅದನ್ನು ಕೇಳಿದ ಇನ್ನೊಂದಕ್ಕೆ ಏನನ್ನಿಸಬೇಕು, ಇಷ್ಟೂ ಕೂಗಿನಲ್ಲಿರಬೇಕು. ಬ್ಲೂಟೂತ್ ಸ್ಪೀಕರಿನಲ್ಲಿ ಹಕ್ಕಿಯ ರೆಕಾರ್ಡಿಂಗ್ ಹಾಕಿ ಕರೆಯುವ ನಮ್ಮ ಪಕ್ಷಿವೀಕ್ಷಕ ಗೆಳೆಯರಿಗೆ ಇದು ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇಲ್ಲ. ಅವರು ಏನು ಹೇಳುತ್ತಿದ್ದೇವೆ ಅಂತ ತಿಳಿಯದೇ ಹೇಳುತ್ತಾರೆ. ಮುತ್ಯಾನ ಹತ್ತಿರ ಕಲಿತ ಮೇಲೆ ನನಗೆ ಆ ವಿನಾಯಿತಿ ಇಲ್ಲ.

ಮೂರನೇ ರಜೆಯಲ್ಲಿ ಹಕ್ಕಿ ಬಂತು. ಬದುವಿನ ಮೇಲೆ ಕುತ್ತಿಗೆ ಚಾಚಿ, ನಡುವೆ ಎರಡು ಸಲ ನಿಂತು, ಮತ್ತೆ ಓಡಿ, ನನ್ನಿಂದ ಎರಡು ಮಾರು ದೂರದಲ್ಲಿ ನಿಂತಿತು. ಉಸಿರಿಗೆ ಅದರ ಎದೆ ಏರಿಳಿಯೋದು ಕಾಣುತ್ತಿತ್ತು. ಕಣ್ಣು ನನ್ನ ಮೇಲೆ ಹಾದು ಹೋಯಿತು, ಆದರೆ ಅದು ಹುಡುಕುತ್ತಿದ್ದುದು ನನ್ನನ್ನಲ್ಲ. ಇಲ್ಲೇ ಕೂಗಿದ್ದವನು ಎಲ್ಲಿ ಹೋದ ಅಂತ ಜಾಲಿಯ ಬುಡ ನೋಡಿತು. ತಾನೊಮ್ಮೆ ಕೂಗಿತು. ಉತ್ತರ ಬರಲಿಲ್ಲ. ಸುಮಾರು ಹತ್ತು ನಿಮಿಷ ಅಲ್ಲೇ ಸುತ್ತಿ, ಬಂದದ್ದಕ್ಕಿಂತ ನಿಧಾನವಾಗಿ ಹಿಂದಕ್ಕೆ ಹೋಯಿತು. ಬೈನಾಕ್ಯುಲರಿನಲ್ಲಿ ವರ್ಷಗಟ್ಟಲೆ ನೋಡಿದ್ದಕ್ಕಿಂತ ಹೆಚ್ಚನ್ನು ಆ ಹತ್ತು ನಿಮಿಷದಲ್ಲಿ ನೋಡಿದೆ, ಅದನ್ನು ಅಲ್ಲಗಳೆಯೋದಿಲ್ಲ.

"ಈಗೇನ್ ಮಾಡ್ತಿ?" ಮುತ್ಯಾ ಕೇಳಿದರು.

"ಏನಿಲ್ರಿ ಮುತ್ಯಾ. ನೋಡಿದ್ನೆಲ್ಲ, ಸಾಕು."

"ಹೊಟ್ಟಿ ಸಲ್ಯಾಕ ಕರದ್ರ ಅದಕ್ಕ ಬ್ಯಾಟಿ ಅಂತಾರ. ನೋಡ್ಲಾಕ ಕರದ್ರ ಏನಂತಾರ? ನಮ್ಮಾಗ ಮಸ್ಕಿರಿ ಅಂತಾರ."

ಮಸ್ಕಿರಿ ಅಂದರೆ ಅಪಹಾಸ್ಯ, ಇನ್ನೊಬ್ಬರನ್ನು ಗೇಲಿ ಮಾಡಿ ಮಜಾ ತಗೊಳ್ಳೋದು. ನಾನು ಬಿಡಲಿಲ್ಲ. ನೀವು ಕರೆದ ಹಕ್ಕಿ ಸಾರಿನಲ್ಲಿ ಬೆಂತು, ನಾನು ಕರೆದದ್ದು ಮನೆಗೆ ಹೋಯಿತು, ಹಕ್ಕಿಯನ್ನೇ ಕೇಳಿ ನೋಡಿ ಯಾವುದು ಬೇಕು ಅಂತ, ಅಂದೆ. ಅವರು ಬೀಡಿ ಹಚ್ಚಿದರು. "ಅದಕ್ಕ ಕೇಳ್ಲಾಕ ಬರಲ್ಲ ಅಂತೇ ನೀ ಹಿಂಗ ಮಾತಾಡ್ತಿ" ಅಂದರು.

ಈ ವಾದ ನಮ್ಮಿಬ್ಬರ ನಡುವೆ ಇನ್ನೂ ಮುಗಿದಿಲ್ಲ. ಅದಕ್ಕೆ ಹೋಗುವ ಮೊದಲು ನನ್ನ ಮತ್ತು ಮುತ್ಯಾನ ನಡುವಿನ ಇನ್ನೊಂದು ಅಂತರದ ಬಗ್ಗೆ ಹೇಳದಿದ್ದರೆ ಅನ್ಯಾಯವಾಗುತ್ತದೆ. ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಪಾರ್ಧಿಗಳೂ ಸೇರಿ ಎಷ್ಟೋ ಅಲೆಮಾರಿ, ಬೇಟೆಗಾರ ಸಮುದಾಯಗಳನ್ನು ಹಲವು ಪ್ರಾಂತ್ಯಗಳಲ್ಲಿ ಹುಟ್ಟಿನಿಂದಲೇ ಕಳ್ಳರು ಅಂತ ಪಟ್ಟಿಗೆ ಸೇರಿಸಿದರು. ಆ ಕಾಯ್ದೆ ದೇಶದಾದ್ಯಂತ ಹೋದದ್ದು 1952ರಲ್ಲಿ. ಕಾಯ್ದೆ ಹೋಯಿತು, ಜನರ ಕಣ್ಣಿನಿಂದ ಹೋಗಲಿಲ್ಲ. ಆಮೇಲೆ 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಮೊದಲಿಗೆ ಅದರಲ್ಲಿ ಪರವಾನಗಿ ಪಡೆದು ಸಣ್ಣ ಬೇಟೆ ಆಡಲು ಅವಕಾಶವಿತ್ತು. ಪರವಾನಗಿ ತೆಗೆಸುವಷ್ಟು ಓದು, ದುಡ್ಡು, ಪರಿಚಯ ಯಾರಿಗಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ. 1991ರ ತಿದ್ದುಪಡಿ ಅದನ್ನೂ ತೆಗೆಯಿತು. ಕಾಯ್ದೆ ಬೇಕಿತ್ತು, ಈಗಲೂ ಬೇಕು. ಅದರ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಒಂದೇ ವಿದ್ಯೆ ಅವರ ಗಂಟಲಲ್ಲಿದ್ದರೆ ಪೊಲೀಸರು ವಿಚಾರಿಸುವ ವಿಷಯ, ನನ್ನ ಗಂಟಲಿಗೆ ಬಂದರೆ ಲಿಂಕ್ಡ್‌ಇನ್‌ನಲ್ಲಿ ಹಾಕಬಹುದಾದ ಹವ್ಯಾಸ. ಮಸ್ಕಿರಿ ಅನ್ನೋ ಮಾತು ಅಷ್ಟು ಬೇಗ ಅವರ ಬಾಯಿಗೆ ಬಂದದ್ದರಲ್ಲಿ ಇದೂ ಇದ್ದೀತು.

ಅದೇ ಕಾಯ್ದೆಯಲ್ಲಿ ಬೇಟೆ ಅಂದರೆ ಏನು ಅಂತ ವಿವರಿಸಿದ್ದಾರೆ. ಕೊಲ್ಲುವುದಷ್ಟೇ ಬೇಟೆಯಲ್ಲ. ಹಿಡಿಯುವುದು, ಉರುಳು ಹಾಕುವುದು, ಬೆನ್ನಟ್ಟುವುದು, ಆಮಿಷ ಒಡ್ಡುವುದು, ಇವುಗಳಿಗೆ ಪ್ರಯತ್ನಿಸುವುದು, ಎಲ್ಲ ಬೇಟೆಯೇ. ದನಿ ಆಮಿಷವೇ? ಆ ಸಾಲಿನಲ್ಲಿ ದನಿಯ ಹೆಸರಿಲ್ಲ. ವಕೀಲ ಗೆಳೆಯನೊಬ್ಬ ಇದರ ಮೇಲೆ ಒಂದು ಗಂಟೆ ಮಾತಾಡಬಲ್ಲ. ನನಗೆ ಕಾಯ್ದೆಗಿಂತ ಹಳೆಯದಾದ ಒಂದು ಕಥೆ ಹೆಚ್ಚು ಉಪಯೋಗಕ್ಕೆ ಬಂತು, ಅದೂ ನಮ್ಮ ತಾಲೂಕಿನದೇ.

ಸೇಡಂನಿಂದ ಸ್ವಲ್ಪ ದೂರದಲ್ಲಿ ಕಾಗಿಣಾ ದಂಡೆಗೆ ಮಳಖೇಡ ಇದೆ. ಒಂದು ಕಡೆ ಕುಸಿದ ಕೋಟೆ, ಇನ್ನೊಂದು ಕಡೆ ಸಿಮೆಂಟ್ ಫ್ಯಾಕ್ಟರಿಯ ಚಿಮಣಿ. ರಾಷ್ಟ್ರಕೂಟರ ಮಾನ್ಯಖೇಟ ಇದೇ. 10ನೇ ಶತಮಾನದಲ್ಲಿ ಇಲ್ಲಿದ್ದ ಪುಷ್ಪದಂತ ಅನ್ನುವ ಜೈನ ಕವಿ ಯಶೋಧರನ ಕಥೆಯನ್ನು ಅಪಭ್ರಂಶ ಭಾಷೆಯಲ್ಲಿ ಬರೆದ. 1209ರಲ್ಲಿ ಜನ್ನ ಅದೇ ಕಥೆಯನ್ನು ಕನ್ನಡದಲ್ಲಿ ಬರೆದ. ನಮಗೆ ಕಾಲೇಜಿನಲ್ಲಿ ಅದರಿಂದ ಪರೀಕ್ಷೆಗೆ ಬರುತ್ತಿದ್ದುದು ಅಮೃತಮತಿ ಮತ್ತು ಮಾವುತ. ಆದರೆ ಕಥೆಯ ಕೀಲಿರುವುದು ಒಂದು ಕೋಳಿಯಲ್ಲಿ. ಕೆಟ್ಟ ಕನಸಿನ ಶಾಂತಿಗೆ ದೇವಿಗೆ ಬಲಿ ಕೊಡು ಅಂತ ತಾಯಿ ಹೇಳುತ್ತಾಳೆ. ಕೊಲ್ಲಲಾರೆ ಅಂತ ಮಗ. ಕೊನೆಗೆ ರಾಜಿಯಾಗುತ್ತದೆ: ಹಿಟ್ಟಿನಲ್ಲಿ ಕೋಳಿ ಮಾಡಿ ಕಡಿಯೋಣ. ಯಾರಿಗೂ ನೋವಿಲ್ಲ, ಶಾಸ್ತ್ರವೂ ಆಯಿತು. ನಮ್ಮ ಆಫೀಸುಗಳಲ್ಲಿ ಆಗುವ ರಾಜಿಗಳ ಹಾಗೇ ಇದೆ. ಆದರೆ ಜನ್ನನ ಕಾವ್ಯದಲ್ಲಿ ಆ ಚಂದದ ಹಿಟ್ಟಿನ ಕೋಳಿಯೊಳಗೆ ಒಂದು ಬೆಂತರ ಸೇರಿಕೊಂಡಿರುತ್ತದೆ, ಕತ್ತಿ ಬಿದ್ದಾಗ ಅದು ಕೂಗುತ್ತದೆ. ಅದಕ್ಕಾಗಿ ತಾಯಿ-ಮಗ ಪ್ರಾಣಿಗಳಾಗಿ ಜನ್ಮದ ಮೇಲೆ ಜನ್ಮ ಎತ್ತಿ ಸಾಯುತ್ತಾರೆ. ಒಂದು ಜನ್ಮದಲ್ಲಿ ಇಬ್ಬರೂ ಕೋಳಿಗಳು. ಕೂಗಿದ ದನಿಯನ್ನೇ ಗುರಿಯಾಗಿಟ್ಟು ಒಬ್ಬ ರಾಜ ಬಾಣ ಬಿಡುತ್ತಾನೆ.

ಹಿಟ್ಟಿಗೆ ಇಷ್ಟು ಶಿಕ್ಷೆಯೇ ಅಂತ ಓದುವಾಗ ಸಿಟ್ಟು ಬಂದಿತ್ತು. ಹೊಲದಲ್ಲಿ ಕೂತಾಗ ಅಷ್ಟು ಸಿಟ್ಟು ಬರಲಿಲ್ಲ. ಯಾರಿಗೂ ಗಾಯವಾಗಲಿಲ್ಲ ಅನ್ನೋದರಿಂದ ಏನೂ ಆಗಲಿಲ್ಲ ಅಂತ ಆಗುವುದಿಲ್ಲ, ಅಷ್ಟನ್ನು ಕಥೆ ಹೇಳುತ್ತದೆ. ಆದರೆ ಏನಾಯಿತು ಅನ್ನೋದನ್ನು ನಾನೇ ಹುಡುಕಬೇಕಿತ್ತು. ಸಂಕಲ್ಪ ಹಿಂಸೆ ಅಂದುಬಿಟ್ಟರೆ ಎಲ್ಲ ನನ್ನ ಮನಸ್ಸಿನ ಲೆಕ್ಕವಾಗಿಬಿಡುತ್ತದೆ. ಹಕ್ಕಿಯ ಲೆಕ್ಕ?

ಹಕ್ಕಿ ಕಳೆದುಕೊಂಡದ್ದನ್ನು ಎಣಿಸಿದರೆ ಹತ್ತು ನಿಮಿಷ, ಆ ಹೊತ್ತಿನ ಮೇವು, ಬಯಲಲ್ಲಿ ನಿಂತಷ್ಟು ಹೊತ್ತು ಗಿಡುಗನ ಭಯ. ಮೊಟ್ಟೆಯ ಕಾಲವಾಗಿದ್ದರೆ ಇನ್ನೂ ಸ್ವಲ್ಪ ಹೆಚ್ಚು. ಒಂದೇ ಸಲಕ್ಕೆ ಇದು ದೊಡ್ಡದಲ್ಲ. ಒಂದೇ ಬದುವಿಗೆ ಪ್ರತಿ ಭಾನುವಾರ ನಾಲ್ಕು ಜೀಪು ಬಂದರೆ ದೊಡ್ಡದೇ. ಪಕ್ಷಿವೀಕ್ಷಕರ ಸಂಘಗಳು ರೆಕಾರ್ಡಿಂಗ್ ಕೇಳಿಸಬೇಡಿ, ಅಥವಾ ಕಮ್ಮಿ ಕೇಳಿಸಿ ಅಂತ ಹೇಳುವುದು ಈ ಲೆಕ್ಕದ ಮೇಲೆ. ಅದು ಸರಿಯಾದ ಲೆಕ್ಕವೇ. ಆದರೆ ಮಸ್ಕಿರಿ ಅನ್ನೋ ಮಾತು ಇದರಲ್ಲಿ ಎಲ್ಲೂ ಬರೋದಿಲ್ಲ.

ಪ್ರಕೃತಿಯೇ ಮೋಸ ಮಾಡುತ್ತದಲ್ಲ ಅಂತ ನೀವು ಕೇಳಬಹುದು. ಕೋಗಿಲೆ ಕಾಗೆಯ ಗೂಡಲ್ಲಿ ಮೊಟ್ಟೆ ಇಡುತ್ತದೆ. ಆಫ್ರಿಕದ ಒಂದು ಜಾತಿಯ ಕಾಜಾಣ ಬೇರೆ ಪ್ರಾಣಿಗಳ ಎಚ್ಚರಿಕೆಯ ಕೂಗನ್ನು ಸುಳ್ಳೇ ಕೂಗಿ, ಅವು ಓಡಿದಾಗ ಅವುಗಳ ಊಟ ಕದಿಯುತ್ತದೆ. ಸರಿ. ಆದರೆ ಈ ಮೋಸಕ್ಕೆ ಒಂದು ಮಿತಿ ಇದೆ. ನಿಜವಾದ ಕೂಗು ಹೆಚ್ಚಿದ್ದು ಸುಳ್ಳು ಕೂಗು ಕಮ್ಮಿ ಇರುವವರೆಗೆ ಮಾತ್ರ ಅದು ನಡೆಯುತ್ತದೆ. ಹೊಟ್ಟೆ ತುಂಬಿದ ಮೇಲೆ ಕಾಜಾಣ ಮಜಾಕ್ಕೆ ಅಂತ ಕೂಗುತ್ತ ಕೂರೋದಿಲ್ಲ. ಮುತ್ಯಾನ ಬೇಟೆಗೂ ಅದೇ ಮಿತಿ ಇತ್ತು. ಬಾಯಿ ಒಂದು, ಹೊಟ್ಟೆ ಒಂದು, ಬೆಳಗು ಒಂದು. ಸ್ಪೀಕರಿಗೆ ಹೊಟ್ಟೆ ತುಂಬುವುದಿ‍ಲ್ಲ.

ನಮ್ಮ ಅನುಭವಕ್ಕೆ ಬರಲಿ ಅಂತ ಇನ್ನೊಂದು ಉದಾಹರಣೆ. ಈಗ ಮನೆಯವರ ದನಿಯನ್ನೇ ನಕಲು ಮಾಡಿ ಫೋನ್ ಮಾಡುವ ಮೋಸಗಾರರಿದ್ದಾರೆ. ತಮ್ಮನ ದನಿ, ಆಕ್ಸಿಡೆಂಟ್ ಆಗಿದೆ ಅಕ್ಕಾ, ತಕ್ಷಣ ದುಡ್ಡು ಹಾಕು. ರಾಮನ ದನಿಯಲ್ಲಿ ಕೂಗಿದ ಮಾರೀಚನ ಕಾಲದಿಂದ ಇರುವ ಉಪಾಯ, ಯಂತ್ರ ಮಾತ್ರ ಹೊಸದು. ಇಂಥ ಕಾಲ್ ಬಂದು, ದುಡ್ಡು ಹೋಗದೆ ಉಳಿಯಿತು ಅಂದುಕೊಳ್ಳಿ. ನಷ್ಟ ಏನೂ ಇಲ್ಲ. ಆದರೆ ಮುಂದಿನ ಸಲ ತಮ್ಮ ನಿಜವಾಗಿಯೂ ಅಳುತ್ತ ಫೋನ್ ಮಾಡಿದಾಗ ನೀವು ಒಂದು ಕ್ಷಣ ತಡೆಯುತ್ತೀರಿ. ಹೋದದ್ದು ಆ ಕ್ಷಣ. ದುಡ್ಡಿಗಿಂತ ಅದೇ ಹೆಚ್ಚು ಅಂತ ನನಗನ್ನಿಸುತ್ತದೆ.

ಟರ್ಕಿ ಬೇಟೆಗಾರರೂ ಇದನ್ನೇ ಬೇರೆ ಥರ ಹೇಳುತ್ತಾರೆ. ಬೇಟೆ ಜಾಸ್ತಿ ಇರುವ ಕಡೆ ಹುಂಜಗಳು ಕರೆಗೆ ಬೆಚ್ಚಲು ಕಲಿತು, ಕೂಗುವುದನ್ನೇ ಕಮ್ಮಿ ಮಾಡಿ, ಬಂದರೂ ಸದ್ದಿಲ್ಲದೆ ಬರುತ್ತವಂತೆ. ನನ್ನ ಸಹೋದ್ಯೋಗಿಗೆ ಇದು ಕರೆಯುವ ಕೌಶಲದ ಸಮಸ್ಯೆ. ನನಗೆ ಅದು ಬೇರೆ ಏನೋ ಆಗಿ ಕೇಳಿಸಿತು. ಕರೆ ಅನ್ನೋದು ಅವುಗಳ ನಡುವಿನ ಒಪ್ಪಂದ. ಗೌಜಲಹಕ್ಕಿಯ ಕೂಗಿಗೆ ಅರ್ಥ ಇರುವುದು, ಅದು ಬಂದ ಕಡೆ ಇನ್ನೊಂದು ಗೌಜಲಹಕ್ಕಿ ಇರುತ್ತದೆ ಅನ್ನೋ ಕಾರಣಕ್ಕೆ. ನಾನು ಕೂಗಿದಾಗ ಅಲ್ಲಿ ಯಾರೂ ಇರಲಿಲ್ಲ. ಬೇಟೆಗಾರನ ಸುಳ್ಳು ಕೇಳಿಸಿಕೊಂಡದ್ದನ್ನು ಬಹುಮಟ್ಟಿಗೆ ಮುಗಿಸಿಬಿಡುತ್ತದೆ. ನನ್ನಂಥವರ ಸುಳ್ಳು ಹಕ್ಕಿಯನ್ನು ಉಳಿಸಿ, ಅದರ ಮಾತಿನ ಬೆಲೆ ಇಳಿಸಿ ಕಳಿಸುತ್ತದೆ. ಮುತ್ಯಾ ಮಸ್ಕಿರಿ ಅಂದದ್ದು ಇದಕ್ಕೇ ಇರಬೇಕು. ಇದನ್ನು ಅವರಿಗೆ ಹೇಳಿದೆ. "ಅಷ್ಟೆಲ್ಲ ನಂಗ ಗೊತ್ತಿಲ್ಲವ್ವಾ" ಅಂದರು. ಅವರ ಅರ್ಥ ಇದಲ್ಲದೆಯೂ ಇರಬಹುದು.

ಹಾಗಂತ ನಾನು ಪೂರ್ತಿ ಅವರ ಪಕ್ಷಕ್ಕೆ ಹೋಗಿಲ್ಲ. ಹಸಿವು ಸುಳ್ಳನ್ನು ಒಪ್ಪುವಂತೆ ಮಾಡುತ್ತದೆ ಅಂತ ನಾನೂ ಒಪ್ಪುತ್ತೇನೆ, ಆದರೆ ಹಕ್ಕಿಯ ಕಡೆಯಿಂದ ನೋಡಿದರೆ ಹತ್ತು ನಿಮಿಷದ ಗೊಂದಲ ಸಾವಿಗಿಂತ ಯಾವತ್ತೂ ವಾಸಿ. ಅಗತ್ಯವಿದ್ದಾಗ ನಾವು ಇದರ ಬಗ್ಗೆ ಪ್ರಶ್ನೆಯನ್ನೇ ಕೇಳೋದಿಲ್ಲ ಅನ್ನೋದೂ ನಿಜ. 1938ರ ನವೆಂಬರಿನಲ್ಲಿ ಜಿಮ್ ಕಾರ್ಬೆಟ್ ಠಾಕ್ ಹಳ್ಳಿಯ ನರಭಕ್ಷಕ ಹುಲಿಯನ್ನು ಕೊಂದದ್ದು ಅದು ಗಂಡು ಹುಡುಕಿ ಕೂಗುತ್ತಿದ್ದಾಗ, ತಾನೇ ಗಂಡು ಹುಲಿಯಾಗಿ ಉತ್ತರ ಕೊಟ್ಟು, ಹತ್ತಿರ ಕರೆಸಿಕೊಂಡು. ಕೆನೆತ್ ಆಂಡರ್ಸನ್ ಕೂಡ ಜವಳಗಿರಿಯಲ್ಲಿ ಹಾಗೇ ಮಾಡಿದ. ತೇಜಸ್ವಿಯವರ ಕನ್ನಡದಲ್ಲಿ ಇಂಥ ಕಥೆಗಳನ್ನು ಓದಿ ಬೆಳೆದ ನಮಗೆ, ಸಂಗಾತಿಗಾಗಿ ಕೂಗಿದ ಜೀವಕ್ಕೆ ಮೋಸವಾಯಿತು ಅಂತ ಒಮ್ಮೆಯೂ ಅನ್ನಿಸಿರಲಿಲ್ಲ. ಅಲ್ಲಿ ಊರಿನವರ ಪ್ರಾಣ ಒತ್ತೆಗಿತ್ತು, ಇವತ್ತು ಓದಿದರೂ ನನಗೆ ಅದು ತಪ್ಪು ಅನ್ನಿಸೋದಿಲ್ಲ. ಆದರೆ ಅದು ಮೋಸ ಅಂತಲಾದರೂ ಅನ್ನಿಸುತ್ತದೆ.

ಕರೆಯುವುದರಲ್ಲಿ ಸ್ವಾರ್ಥ ಇರಬಾರದು ಅಂತ ನಾನು ಹೇಳುತ್ತಿಲ್ಲ. ಗೋವಿನ ಹಾಡಿನ ಕಾಳಿಂಗ ಒಂದೊಂದು ಹಸುವನ್ನೂ ಹೆಸರು ಹಿಡಿದು ಕರೆಯುತ್ತಾನಲ್ಲ, ಅವನಿಗೆ ಬೇಕಿರುವುದು ಹಾಲು. ಸ್ವಾರ್ಥವೇ. ಆದರೆ ಕರೆದ ಜಾಗದಲ್ಲಿ ಅವನು ಇರುತ್ತಾನೆ. ಹಸು ಬಂದು ನೋಡಿದರೆ ಕರೆದವನೇ ನಿಂತಿರುತ್ತಾನೆ.

ಹೋದ ಚಳಿಗಾಲದಲ್ಲಿ ಗೆಳೆಯರ ಗುಂಪೊಂದು ಚಿಂಚೋಳಿಗೆ ಬಂತು. ಚಂದ್ರಂಪಳ್ಳಿ ಜಲಾಶಯದ ಸುತ್ತಲಿನ ಒಣ ಕಾಡು 2011ರಲ್ಲಿ ವನ್ಯಜೀವಿ ಧಾಮವಾಯಿತು. ಬಯಲುಸೀಮೆಯ ಮಧ್ಯೆ ಅಂಥ ಕಾಡು ಇದೆ ಅಂತ ಬೆಂಗಳೂರಿನವರು ನಂಬೋದೇ ಇಲ್ಲ. ಧಾಮದೊಳಗೆ ಸ್ಪೀಕರ್ ತೆಗೆಯುವುದಿಲ್ಲ ಅಂತ ಮೊದಲೇ ಮಾತಾಗಿತ್ತು. ಆದರೆ ಕಾಡಿನ ಹೊರಗಿನ ಹೊಲದ ಹತ್ತಿರ ಜೀಪ್ ನಿಲ್ಲಿಸಿ ಚಹಾ ಕುಡಿಯುವಾಗ ಗೌಜಲಹಕ್ಕಿ ಕೂಗಿತು. ಗುಂಪಿನಲ್ಲಿದ್ದ ಮಕ್ಕಳ ಡಾಕ್ಟರೊಬ್ಬರು ಎಂಟು ವರ್ಷದ ಮಗನನ್ನು ಕರೆತಂದಿದ್ದರು. ಅವನಿಗೆ ಬೆಳಗಿನಿಂದ ಒಂದು ಹಕ್ಕಿಯೂ ಸರಿಯಾಗಿ ಕಂಡಿರಲಿಲ್ಲ. ನನಗೆ ಕರೆಯಲು ಬರುತ್ತದೆ ಅಂತ ಯಾರೋ ಅವನಿಗೆ ಹೇಳಿಬಿಟ್ಟಿದ್ದರು.

"ಆಂಟಿ, ಒಂದೇ ಸಲ ಕರೀರಿ. ಪ್ಲೀಸ್."

ಇಲ್ಲ ಪುಟ್ಟಾ ಅಂದೆ. ಯಾಕೆ ಅಂದ. ಎಂಟು ವರ್ಷದವನಿಗೆ ಹೇಳಲು ನನ್ನ ಹತ್ತಿರ ಇದ್ದದ್ದು ಒಂದೇ ಮಾತು: ಅದು ಜಗಳಕ್ಕೆ ಅಂತ ಓಡಿಬರುತ್ತೆ, ಇಲ್ಲಿ ಯಾರೂ ಇರಲ್ಲ. ಅವನು ಸ್ವಲ್ಪ ಯೋಚಿಸಿ, "ನಾವಿರ್ತೀವಲ್ಲ" ಅಂದ.

ಅವನ ತಾಯಿ ಪಕ್ಕಕ್ಕೆ ಕರೆದು ಸಣ್ಣಗೆ ಹೇಳಿದರು. "ನೀವು ಹೇಳೋದು ನನಗೆ ಅರ್ಥ ಆಗುತ್ತೆ. ಆದರೆ ಇವನು ಇವತ್ತು ಅದನ್ನ ಎರಡು ಮಾರು ದೂರದಲ್ಲಿ ನೋಡಿದ್ದಿದ್ದರೆ ಜೀವಮಾನ ಪೂರ್ತಿ ನೆನಪಿಟ್ಟುಕೊಳ್ಳುತ್ತಿದ್ದ. ನಾಳೆ ಈ ಬದು ಲೇಔಟ್ ಆಗುವಾಗ ಬೇಡ ಅನ್ನೋದಕ್ಕೆ ಒಬ್ಬ ಹೆಚ್ಚು ಸಿಗುತ್ತಿದ್ದ. ಹಕ್ಕಿಗೆ ಹತ್ತು ನಿಮಿಷ ಮೋಸ ಆದರೆ ಏನಾಯ್ತು? ನಿಮಗೆ ನಿಮ್ಮ ಕೈ ಶುದ್ಧವಾಗಿರಬೇಕು, ಅಷ್ಟೇ."

ಇದಕ್ಕೆ ಈಗಲೂ ನನ್ನ ಹತ್ತಿರ ಉತ್ತರವಿಲ್ಲ. ಟರ್ಕಿಯನ್ನು ಉಳಿಸಿದ್ದು ಬೇಟೆಗಾರರ ತೆರಿಗೆ ಅನ್ನೋದು ಅವರ ಕಡೆಯ ಸಾಕ್ಷಿ, ನನ್ನ ಕಡೆಯದಲ್ಲ. ಆದರೂ ಕರೆಯಲಿಲ್ಲ.

ಮುಕ್ಕಾಲು ಗಂಟೆ ಬದುವಿನ ಮೇಲೆ ಕೂತೆವು. ಯಾವ ಕಡೆಯಿಂದ ದನಿ ಬಂದರೆ ಆ ಕಡೆ ಬೆರಳು ತೋರಿಸು ಅಂತ ಹುಡುಗನಿಗೆ ಹೇಳಿದೆ. ಏಳು ಕಡೆ ತೋರಿಸಿದ. ಒಂದೂ ಕಾಣಲಿಲ್ಲ. ಆ ದಿನದ ಪಟ್ಟಿಯಲ್ಲಿ ಬೂದು ಗೌಜಲಹಕ್ಕಿ ಏಳು, ಕೇಳಿದ್ದು ಅಂತ ಬರೆದೆವು. ಅವನ ಮುಖ ಸಪ್ಪಗಿತ್ತು.

ಜೀಪಿನಲ್ಲಿ ವಾಪಸು ಬರುವಾಗ, ಸೇಡಂ ಹತ್ತಿರವಾಗುವಷ್ಟರಲ್ಲಿ ಅವನು 'ಕತೀತರ್, ಕತೀತರ್' ಅಂತ ಕೂಗಲು ಶುರುಮಾಡಿದ. ಕೈ ಬೊಗಸೆ ಮಾಡಿಕೊಂಡಿದ್ದ; ಅದನ್ನು ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ದನಿ ಬಹಳ ದೊಡ್ಡದಾಗಿತ್ತು. ನಾನು ತಿದ್ದಲಿಲ್ಲ.